ಸ್ಟೀಮ್ ತೆರೆಯುವ ಮುಂಚೆ ಆ ವಿಪಿಎನ್ ಆಫ್ ಮಾಡಿ

ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಸೇಲ್ ಶುರುವಾದ ರಾತ್ರಿ ನನ್ನ ಫೋನಿಗೆ ಬರುವ ಮೆಸೇಜುಗಳಲ್ಲಿ ಅರ್ಧ ಒಂದೇ ಥರ ಇರುತ್ತವೆ. "ಮಗಾ, ಈ ಗೇಮ್ ಇಲ್ಲಿ ಮೂರು ಸಾವಿರ ಇದೆ, ಬೇರೆ ಯಾವುದೋ ದೇಶದಲ್ಲಿ ಅರ್ಧಕ್ಕಿಂತ ಕಡಿಮೆಯಂತೆ, ವಿಪಿಎನ್ ಹಾಕಿ ತಗೊಳ್ಳಲಾ?" ವಿಪಿಎನ್ ಅಂದರೆ ನೀವು ಬೇರೆ ದೇಶದಲ್ಲಿ ಕೂತ ಹಾಗೆ ಇಂಟರ್ನೆಟ್ಟಿಗೆ ತೋರಿಸುವ ಸಾಫ್ಟ್‌ವೇರ್. ಬೇಡ ಅಂತ ಒಂದೇ ಮಾತಿನಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. ಯಾಕೆ ಬೇಡ, ಹಾಗಾದರೆ ವಿಪಿಎನ್ ಯಾವಾಗ ಹಾಕಬಹುದು, ಈಗಾಗಲೇ ಎಡವಟ್ಟು ಮಾಡಿಕೊಂಡಿದ್ದರೆ ಮುಂದೇನು, ಇದನ್ನೆಲ್ಲ ಒಂದು ಕಡೆ ಬರೆದಿಟ್ಟರೆ ಮುಂದಿನ ಸೇಲಿನ ರಾತ್ರಿ ಇದನ್ನು ಕಳಿಸಿ ನಾನು ನೆಮ್ಮದಿಯಾಗಿ ಮಲಗಬಹುದು.

ಮೊದಲೇ ಹೇಳಿಬಿಡುತ್ತೇನೆ. ನನಗೆ ವಿಪಿಎನ್ ಮೇಲೆ ಸಿಟ್ಟೇನಿಲ್ಲ. ಭಾರತದಲ್ಲಿ ಸಾಮಾನ್ಯ ಬಳಕೆದಾರ ವಿಪಿಎನ್ ಹಾಕುವುದು ಅಪರಾಧವೂ ಅಲ್ಲ. ಆಫೀಸ್ ಕೆಲಸಕ್ಕೆ ದಿನಾ ಹಾಕುತ್ತೇವೆ, ರೈಲ್ವೆ ಸ್ಟೇಷನ್ ವೈಫೈಗೆ ಹಾಕುತ್ತೇವೆ. ತೊಂದರೆ ಇರುವುದು ಒಂದೇ ಜಾಗದಲ್ಲಿ. ನಾನು ಎಲ್ಲಿ ವಾಸ ಮಾಡುತ್ತೇನೆ ಅನ್ನುವುದರ ಬಗ್ಗೆ ಅಂಗಡಿಗೆ ಸುಳ್ಳು ಹೇಳಿ ದುಡ್ಡು ಕೊಡುವ ಜಾಗದಲ್ಲಿ.

ಅಂಗಡಿಗೆ ಏನೇನು ಕಾಣುತ್ತದೆ

ವಿಪಿಎನ್ ಅಂದರೆ ನಿಮ್ಮ ಕಂಪ್ಯೂಟರಿನಿಂದ ಬೇರೆಲ್ಲೋ ಇರುವ ಒಂದು ಸರ್ವರ್‌ವರೆಗೆ ಎಳೆದ ಮುಚ್ಚಿದ ಪೈಪು ಅಂದುಕೊಳ್ಳಿ. ಪೈಪಿನ ಆ ತುದಿಯ ಐಪಿ ವಿಳಾಸ, ಅಂದರೆ ಇಂಟರ್ನೆಟ್ಟಿನಲ್ಲಿ ಸಂಪರ್ಕವನ್ನು ಗುರುತಿಸುವ ನಂಬರ್, ಯಾವುದೋ ಅದೇ ಸ್ಟೀಮ್‌ಗೆ ಕಾಣುವುದು. ನೀವು ಹಾಸನದಲ್ಲಿ ಕೂತು ಇಸ್ತಾಂಬುಲ್ ಸರ್ವರ್ ಆರಿಸಿದರೆ ನಿಮ್ಮ ಐಪಿ ಇಸ್ತಾಂಬುಲಿನದು. ಅಷ್ಟಕ್ಕೇ ಜನ ಎಲ್ಲ ಮುಚ್ಚಿಹೋಯಿತು ಅಂದುಕೊಳ್ಳುತ್ತಾರೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ.

ನಿಮ್ಮ ಕಾರ್ಡಿನ ಮೊದಲ ಕೆಲವು ಅಂಕಿಗಳೇ ಅದು ಯಾವ ಬ್ಯಾಂಕಿನದು, ಯಾವ ದೇಶದ್ದು ಅಂತ ಹೇಳಿಬಿಡುತ್ತವೆ. ಯುಪಿಐ ಹಾಕಿದರಂತೂ ಕೇಳುವುದೇ ಬೇಡ. ಸ್ಟೀಮ್ ಗಾರ್ಡ್‌ಗೆ, ಅಂದರೆ ಲಾಗಿನ್ ಕಾಯುವ ಸ್ಟೀಮ್‌ನ ವ್ಯವಸ್ಥೆಗೆ, ಕೊಟ್ಟ ಫೋನ್ ನಂಬರ್ +91ರಿಂದ ಶುರುವಾಗುತ್ತದೆ. ಎಷ್ಟೋ ವರ್ಷ ರೂಪಾಯಿಯಲ್ಲಿ ಕೊಂಡ ಪಟ್ಟಿ ಅಕೌಂಟಿನಲ್ಲೇ ಕೂತಿದೆ. ಇದರ ಜೊತೆಗೆ ವಿಪಿಎನ್ ಸರ್ವರ್‌ಗಳು ಸಾಮಾನ್ಯವಾಗಿ ಇರುವುದು ಡೇಟಾ ಸೆಂಟರುಗಳಲ್ಲಿ, ಆ ಐಪಿಗಳು ಯಾವ ಹೋಸ್ಟಿಂಗ್ ಕಂಪನಿಯ ಹೆಸರಲ್ಲಿವೆ ಅನ್ನುವುದು ಯಾರು ಬೇಕಾದರೂ ಹುಡುಕಿ ನೋಡಬಹುದಾದ ಮಾಹಿತಿ, ಮನೆಯ ಬ್ರಾಡ್‌ಬ್ಯಾಂಡ್ ಐಪಿ ಮತ್ತು ಡೇಟಾ ಸೆಂಟರ್ ಐಪಿ ನಡುವಿನ ವ್ಯತ್ಯಾಸ ಹಿಡಿಯಲು ಯಾರೂ ಪತ್ತೇದಾರ ಆಗಬೇಕಿಲ್ಲ. ಒಂದೇ ಐಪಿಯಿಂದ ನೂರಾರು ಅಪರಿಚಿತರು ಲಾಗಿನ್ ಆಗುತ್ತಿರುತ್ತಾರೆ. ಅವರಲ್ಲಿ ನಾಲ್ಕು ಜನ ಕಳ್ಳ ಕಾರ್ಡ್ ಹಿಡಿದವರಾದರೆ ಅದೇ ಸಾಲಿನಲ್ಲಿ ನಿಂತ ನಿಮ್ಮ ಮೇಲೂ ಅನುಮಾನ ಬೀಳುತ್ತದೆ. "ನಿಮ್ಮ ನೆಟ್‌ವರ್ಕಿನಿಂದ ತುಂಬಾ ಸಲ ಲಾಗಿನ್ ವಿಫಲವಾಗಿದೆ, ಆಮೇಲೆ ಪ್ರಯತ್ನಿಸಿ" ಅನ್ನುವ ಸಂದೇಶ ಬಂದಾಗ, ನಾನು ಪಾಸ್‌ವರ್ಡ್ ಸರಿಯಾಗೇ ಹೊಡೆದೆನಲ್ಲ ಅಂತ ತಲೆ ಕೆರೆದುಕೊಳ್ಳುತ್ತೀರಲ್ಲ, ಎಷ್ಟೋ ಸಲ ತಪ್ಪಾಗಿ ಹೊಡೆದವರು ಆ ಐಪಿ ಹಂಚಿಕೊಂಡ ಬೇರೆಯವರು.

ನಿಯಮದಲ್ಲಿ ಬರೆದಿರುವುದು

ಅಕೌಂಟ್ ತೆರೆಯುವಾಗ ಓದದೆ ಒಪ್ಪಿಕೊಂಡ ಆ ಉದ್ದನೆಯ ಒಪ್ಪಂದದಲ್ಲಿ ಸ್ಟೀಮ್ ನಡೆಸುವ ಕಂಪನಿ ವಾಲ್ವ್ ಇದನ್ನು ನೇರವಾಗೇ ಹೇಳಿದೆ. ನಿಮ್ಮ ವಾಸದ ಸ್ಥಳವನ್ನು ಮರೆಮಾಡಲು ಐಪಿ ಪ್ರಾಕ್ಸಿ (ನಿಮ್ಮ ಐಪಿ ಬದಲು ಬೇರೆ ಐಪಿ ತೋರಿಸುವುದು) ಅಥವಾ ಬೇರೆ ಉಪಾಯ ಬಳಸಬಾರದು. ನಿಮ್ಮ ದೇಶದ್ದಲ್ಲದ ಬೆಲೆಗೆ ಕೊಳ್ಳಲು ಬೇಡ, ನಿಮ್ಮ ದೇಶದಲ್ಲಿ ನಿರ್ಬಂಧ ಇರುವ ಗೇಮ್ ತೆರೆಯಲು ಬೇಡ, ಬೇರೆ ಯಾವ ಉದ್ದೇಶಕ್ಕೂ ಬೇಡ. ಮಾಡಿದರೆ ಅಕೌಂಟ್ ಮುಚ್ಚಬಹುದು. ಆ ಕೊನೆಯ "ಬೇರೆ ಯಾವ ಉದ್ದೇಶಕ್ಕೂ" ಅನ್ನುವುದನ್ನು ಸ್ವಲ್ಪ ಗಮನಿಸಿ. ನಾನು ಬೆಲೆಗಾಗಿ ಮಾಡಲಿಲ್ಲ ಸಾರ್, ಪ್ರೈವೆಸಿಗೆ ಮಾಡಿದೆ ಅನ್ನುವ ವಾದಕ್ಕೆ ಅಲ್ಲಿ ಜಾಗ ಕಡಿಮೆ.

ನಿಯಮ ಮುರಿದದ್ದಕ್ಕೆ ಅಕೌಂಟ್ ಮುಚ್ಚಿದರೆ ಕೊಟ್ಟ ದುಡ್ಡು ವಾಪಸ್ಸಿಲ್ಲ. ವಾಲೆಟ್‌ನಲ್ಲಿ ಉಳಿದದ್ದೂ ಇಲ್ಲ. ಗೇಮ್ ನನ್ನದು ಅಲ್ವಾ ಅಂತ ಕೇಳಬಹುದು. ಅಲ್ಲ. 2024ರ ಅಕ್ಟೋಬರ್‌ನಿಂದ ಸ್ಟೀಮ್ ಚೆಕ್‌ಔಟ್ ಪುಟದಲ್ಲೇ ಬರೆದು ತೋರಿಸುತ್ತಿದೆ, ನೀವು ಕೊಳ್ಳುತ್ತಿರುವುದು ಗೇಮ್ ಆಡುವ ಲೈಸೆನ್ಸ್ ಅಂತ. ಕ್ಯಾಲಿಫೋರ್ನಿಯಾದಲ್ಲಿ ಬಂದ ಹೊಸ ಕಾನೂನು ಇದಕ್ಕೆ ಕಾರಣ. ಆದರೆ ಮಾತು ಹೊಸದಲ್ಲ, ಮೊದಲಿನಿಂದಲೂ ಹಾಗೇ ಇತ್ತು.

ಹಾಗಂತ ವಿಪಿಎನ್ ಆನ್ ಮಾಡಿದ ಕ್ಷಣ ಅಕೌಂಟ್ ಹೋಗುತ್ತದೆ ಅಂತ ಹೆದರಿಸುವುದಿಲ್ಲ. ಮರೆತು ಆನ್ ಇಟ್ಟವರು, ಆಫೀಸ್ ವಿಪಿಎನ್‌ನಲ್ಲೇ ಸ್ಟೋರ್ ನೋಡಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರ ಅಕೌಂಟುಗಳು ಚೆನ್ನಾಗೇ ಇವೆ. ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸುತ್ತೇನೆ. ವ್ಯಾಕ್, ಅಂದರೆ ಗೇಮಿನಲ್ಲಿ ಮೋಸ ಹಿಡಿಯುವ ವಾಲ್ವ್ ವ್ಯವಸ್ಥೆ, ಹಾಕುವ ಬ್ಯಾನ್ ಬೇರೆ ಕಥೆ. ಅದು ಚೀಟ್ ಸಾಫ್ಟ್‌ವೇರ್ ಹಾಕಿದವರಿಗೆ. ವಿಪಿಎನ್ ಹಾಕಿದ್ದಕ್ಕೆ ಬರುವ ಪೆಟ್ಟು ಅಂಗಡಿ ಕಡೆಯಿಂದ ಬರುತ್ತದೆ: ಕೊಳ್ಳಲು ಆಗದ ಹಾಗೆ, ಇಲ್ಲವೇ ಅಕೌಂಟ್ ಲಾಕ್ ಆದ ಹಾಗೆ.

ಅಗ್ಗದ ದೇಶದ ಕಥೆ

ಒಂದು ಕಾಲದಲ್ಲಿ ಅರ್ಜೆಂಟೀನಾ ಮತ್ತು ಟರ್ಕಿ ಅಂದರೆ ಗೇಮರುಗಳಿಗೆ ಕಾಶಿ ಇದ್ದ ಹಾಗೆ. ಪೆಸೊ, ಲಿರಾ ಎರಡೂ ಡಾಲರಿನ ಎದುರು ಬೀಳುತ್ತಲೇ ಇದ್ದವು, ಗೇಮ್ ಕಂಪನಿಗಳು ಬೆಲೆ ಬದಲಾಯಿಸುವಷ್ಟರಲ್ಲಿ ಕರೆನ್ಸಿ ಇನ್ನೂ ಕೆಳಗೆ ಹೋಗಿರುತ್ತಿತ್ತು, ಹಾಗಾಗಿ ಅಲ್ಲಿನ ಬೆಲೆಯನ್ನು ನಮ್ಮ ರೂಪಾಯಿಗೆ ತಿರುಗಿಸಿದರೆ ತಮಾಷೆ ಅನ್ನಿಸುವಷ್ಟು ಕಡಿಮೆ ಕಾಣುತ್ತಿತ್ತು. ಪ್ರಪಂಚದ ಎಲ್ಲ ಕಡೆಯಿಂದ ಜನ ವಿಪಿಎನ್ ಹಾಕಿ ಅಲ್ಲಿಗೆ ನುಗ್ಗಿದರು. ಮೊದಲು ಸ್ಟೀಮ್ 2021ರಲ್ಲಿ ಅಕೌಂಟಿನ ದೇಶ ಬದಲಾವಣೆಗೆ ಮೂರು ತಿಂಗಳಿಗೆ ಒಂದೇ ಸಲ ಅಂತ ಮಿತಿ ಹಾಕಿತು. ಆಮೇಲೆ 2023ರ ನವೆಂಬರ್ 20ರಂದು ಎರಡೂ ದೇಶಗಳ ಕರೆನ್ಸಿಯನ್ನೇ ತೆಗೆದು ಡಾಲರ್ ಬೆಲೆ ತಂದಿತು. ಕರೆನ್ಸಿಯ ಏರಿಳಿತ ಅನ್ನುವುದು ಅವರು ಕೊಟ್ಟ ಕಾರಣ.

ನಷ್ಟ ಆಗಿದ್ದು ಯಾರಿಗೆ? ಬ್ಯೂನಸ್ ಐರಿಸ್‌ನಲ್ಲಿ ಪೆಸೊ ಸಂಬಳ ತಗೊಂಡು ಗೇಮ್ ಕೊಳ್ಳುತ್ತಿದ್ದ ಹುಡುಗರಿಗೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ ನಮ್ಮ ರೂಪಾಯಿ ಬೆಲೆಯೂ ಎಷ್ಟೋ ಗೇಮ್‌ಗಳಲ್ಲಿ ಅಮೆರಿಕದ ಬೆಲೆಗಿಂತ ಕಡಿಮೆ. ಸ್ಟೀಮ್ 2015ರಲ್ಲಿ ರೂಪಾಯಿ ತಂದಾಗ ನಾವೆಲ್ಲ ಹಬ್ಬ ಮಾಡಿದ್ದೆವು. ಬೆಲೆ ಇಡುವುದು ಆಯಾ ಗೇಮ್ ಕಂಪನಿ, ವಾಲ್ವ್ ಬರೀ ಸಲಹೆ ಕೊಡುತ್ತದೆ. ಭಾರತದ ಬೆಲೆಗೆ ಹೊರಗಿನವರೇ ಕೊಳ್ಳುತ್ತಿದ್ದಾರೆ ಅಂತ ಒಂದು ಕಂಪನಿಗೆ ಅನ್ನಿಸಿದರೆ ಇಲ್ಲಿನ ಬೆಲೆ ಏರಿಸಲು ಅವರಿಗೆ ಎರಡು ನಿಮಿಷ ಸಾಕು.

ಈಗ ಸುಮ್ನೆ ವಿಪಿಎನ್ ಹಾಕಿದರೆ ಬೆಲೆ ಬದಲಾಗುವುದೂ ಇಲ್ಲ. ಲಾಗಿನ್ ಆದ ಅಕೌಂಟಿಗೆ ಒಂದು ಸ್ಟೋರ್ ದೇಶ ಅಂತ ಇರುತ್ತದೆ. ಅದನ್ನು ಬದಲಾಯಿಸಲು ಹೊಸ ದೇಶದ್ದೇ ಕಾರ್ಡ್ ಅಥವಾ ಪಾವತಿ ವಿಧಾನದಿಂದ ಒಂದು ಖರೀದಿ ಮುಗಿಸಬೇಕು. ಇಲ್ಲಿಂದಲೇ ಜನ ಆಳಕ್ಕೆ ಇಳಿಯುವುದು. ಬೇರೆ ದೇಶದ ಕಾರ್ಡ್ ಎಲ್ಲಿಂದ ತರುವುದು? ಟೆಲಿಗ್ರಾಂನಲ್ಲಿ ಯಾರೋ ಗಿಫ್ಟ್ ಕಾರ್ಡ್ ಮಾರುತ್ತಾನೆ, ಇನ್ಯಾರೋ "ಲಾಗಿನ್ ಕೊಡಿ ಬ್ರೋ, ರೀಜನ್ ನಾನು ಬದಲಾಯಿಸಿಕೊಡುತ್ತೇನೆ" ಅನ್ನುತ್ತಾನೆ. ಆ ಗಿಫ್ಟ್ ಕಾರ್ಡನ್ನು ಅವನು ಕದ್ದ ಕ್ರೆಡಿಟ್ ಕಾರ್ಡಿನಿಂದ ಕೊಂಡಿದ್ದರೆ, ನಿಜವಾದ ಮಾಲೀಕ ಬ್ಯಾಂಕಿಗೆ ದೂರು ಕೊಟ್ಟ ದಿನ ಆ ದುಡ್ಡು ವಾಪಸ್ ಹೋಗುತ್ತದೆ, ಸಿಕ್ಕಿಬೀಳುವುದು ಕಾರ್ಡ್ ಹಾಕಿಕೊಂಡ ನಿಮ್ಮ ಅಕೌಂಟ್. ಲಾಗಿನ್ ಕೊಟ್ಟರಂತೂ ಮನೆಯ ಬೀಗದ ಕೈ ಕೊಟ್ಟು ಮದುವೆಗೆ ಹೋದ ಹಾಗೆ.

ಬೇರೆ ದೇಶದ ಅಗ್ಗದ ಕೀ, ಅಂದರೆ ಸ್ಟೀಮ್‌ಗೆ ಹಾಕಿದರೆ ಗೇಮ್ ಸಿಗುವ ಕೋಡ್, ಕೊಳ್ಳುವವರಿಗೂ ಒಂದು ಮಾತು. ಕೆಲವು ಕೀಗಳು ಒಂದು ಪ್ರದೇಶದಲ್ಲಿ ಮಾತ್ರ ಆಕ್ಟಿವೇಟ್ ಆಗುವ ಹಾಗೆ ಬೀಗ ಹಾಕಿರುತ್ತಾರೆ. ವಿಪಿಎನ್ ಹಾಕಿ ಆಕ್ಟಿವೇಟ್ ಮಾಡಿಬಿಡಿ ಅಂತ ಮಾರುವವನೇ ಹೇಳಿಕೊಡುತ್ತಾನೆ, ನಿಯಮ ಮುರಿದ ಹೆಸರು ಮಾತ್ರ ನಿಮ್ಮದು. ಇದೇ ಬೀಗದ ವಿಷಯಕ್ಕೆ ಯುರೋಪಿಯನ್ ಕಮಿಷನ್ 2021ರ ಜನವರಿಯಲ್ಲಿ ವಾಲ್ವ್ ಮತ್ತು ಐದು ಗೇಮ್ ಕಂಪನಿಗಳಿಗೆ ಒಟ್ಟು 78 ಲಕ್ಷ ಯೂರೋ ದಂಡ ಹಾಕಿತ್ತು. ಪೋಲೆಂಡ್, ಹಂಗೆರಿಯಂಥ ಕಡೆ ಕಡಿಮೆ ಬೆಲೆಗೆ ಮಾರಿದ ಕೀಗಳು ಪಕ್ಕದ ಜರ್ಮನಿಯಲ್ಲಿ ನಡೆಯದ ಹಾಗೆ ಮಾಡಿದ್ದು ತಪ್ಪು ಅಂತ. ಅಂಗಡಿ ಯಾವಾಗಲೂ ಸರಿ ಅಂತ ನಾನೇನೂ ಹೇಳುತ್ತಿಲ್ಲ. ಆದರೆ ಆ ತೀರ್ಪು ಯುರೋಪಿನ ಒಳಗಿನ ಮಾರುಕಟ್ಟೆಗೆ, ನಮಗೆ ಅದರಿಂದ ಏನೂ ಸಿಗುವುದಿಲ್ಲ.

ಯಾರೂ ಹೇಳದ ಅಪಾಯ

ಬೆಲೆಯ ವಿಷಯ ಎಲ್ಲರಿಗೂ ಸ್ವಲ್ಪ ಗೊತ್ತು. ನನಗೆ ಅದಕ್ಕಿಂತ ಹೆಚ್ಚು ಹೆದರಿಕೆ ಇರುವುದು ಇನ್ನೊಂದರ ಬಗ್ಗೆ.

ಯಾರಾದರೂ ನಿಮ್ಮ ಅಕೌಂಟಿಗೆ ಲಾಗಿನ್ ಆಗಲು ನೋಡಿದರೆ ಸ್ಟೀಮ್ ಆ್ಯಪ್ ನಿಮ್ಮ ಫೋನಿನಲ್ಲಿ ಒಪ್ಪಿಗೆ ಕೇಳುತ್ತದೆ, ಯಾವ ಊರಿನಿಂದ ಅಂತ ಅಂದಾಜು ಜಾಗವನ್ನೂ ತೋರಿಸುತ್ತದೆ. ನೀವು ಮೈಸೂರಿನಲ್ಲಿದ್ದೀರಿ, ಅಲ್ಲಿ ಆಮ್‌ಸ್ಟರ್‌ಡ್ಯಾಮ್ ಅಂತ ಬಂದರೆ ತಕ್ಷಣ ಎಚ್ಚರ ಆಗುತ್ತದೆ ಅಲ್ವಾ? ಆದರೆ ದಿನಾ ವಿಪಿಎನ್ ಹಾಕಿಕೊಂಡೇ ಲಾಗಿನ್ ಆಗುವವನಿಗೆ ಇವತ್ತು ಆಮ್‌ಸ್ಟರ್‌ಡ್ಯಾಮ್, ನಾಳೆ ಸಿಂಗಪುರ, ನಾಡಿದ್ದು ಲಂಡನ್. ಯಾವ ಊರು ಬಂದರೂ ಕಣ್ಣು ಅಲ್ಲಿಗೆ ಹೋಗುವುದೇ ಇಲ್ಲ, ಬೆರಳು ಸೀದಾ ಒಪ್ಪಿಗೆ ಬಟನ್ ಮೇಲೆ. ಒಂದು ದಿನ ನಿಜವಾಗಿಯೂ ಯಾರೋ ಕಳ್ಳ ಪಾಸ್‌ವರ್ಡ್ ಹಿಡಿದು ಬಂದು ಬಾಗಿಲು ತಟ್ಟಿದಾಗಲೂ ಅದೇ ಬೆರಳು ಅದೇ ಬಟನ್ ಒತ್ತುತ್ತದೆ. ವಿಪಿಎನ್ ಸುರಕ್ಷತೆಗೆ ಅಂತ ಹಾಕಿ ಇರುವ ಕಾವಲುಗಾರನ ಕಣ್ಣಿಗೆ ನಾವೇ ಬಟ್ಟೆ ಕಟ್ಟಿದ ಹಾಗಾಯಿತು.

ನಿಮ್ಮದು ಈ ಅಭ್ಯಾಸ ಆಗಿದ್ದರೆ ಇವತ್ತೇ ಒಂದು ಕೆಲಸ ಮಾಡಿ. ವಿಪಿಎನ್ ಆಫ್ ಮಾಡಿ, ಸ್ಟೀಮ್ ಆ್ಯಪ್‌ನಲ್ಲಿ ಸ್ಟೀಮ್ ಗಾರ್ಡ್‌ಗೆ ಹೋಗಿ, ಯಾವ ಯಾವ ಸಾಧನಗಳಲ್ಲಿ ಲಾಗಿನ್ ಇದೆ ಅನ್ನುವ ಪಟ್ಟಿ ನೋಡಿ, ಗುರುತು ಸಿಗದ ಎಲ್ಲವನ್ನೂ ತೆಗೆದುಹಾಕಿ. ಆಮೇಲೆ R ಅಕ್ಷರದಿಂದ ಶುರುವಾಗುವ ರಿಕವರಿ ಕೋಡ್ ಒಂದು ಇರುತ್ತದೆ, ಅದನ್ನು ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದು ಇಡಬೇಡಿ, ಕಾಗದದ ಮೇಲೆ ಬರೆದು ಎಲ್ಐಸಿ ಬಾಂಡ್ ಇಡುವ ಜಾಗದಲ್ಲಿ ಇಡಿ. ಫೋನ್ ಕಳೆದ ದಿನ ಉಪಯೋಗಕ್ಕೆ ಬರುತ್ತದೆ.

ಪುಕ್ಕಟೆ ವಿಪಿಎನ್

2020ರ ಸೆಪ್ಟೆಂಬರ್ 2ರಂದು ಸರ್ಕಾರ ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತಲ್ಲ, ಆಗ ನಮ್ಮ ಓಣಿಯ ಹುಡುಗರೆಲ್ಲ ಒಂದೊಂದು ಪುಕ್ಕಟೆ ವಿಪಿಎನ್ ಹಾಕಿಕೊಂಡರು. ನಾನೂ ಒಂದನ್ನು ಕಂಪ್ಯೂಟರಿಗೆ ಹಾಕಿ ಮರೆತುಬಿಟ್ಟೆ. ಅದು ಕಂಪ್ಯೂಟರ್ ಆನ್ ಆದ ತಕ್ಷಣ ತಾನೇ ಆನ್ ಆಗುತ್ತಿತ್ತು. ಕೆಲವು ತಿಂಗಳ ನಂತರ ಒಂದು ಗೇಮ್ ಅಂಗಡಿಯಲ್ಲಿ, ಯಾವುದು ಅನ್ನುವುದು ಬೇಡ, ಬೆಲೆ ಡಾಲರಿನಲ್ಲಿ ಬಂತು. ರಾತ್ರಿ ಒಂದು ಗಂಟೆ, ಅರ್ಧ ನಿದ್ದೆಯಲ್ಲಿ ಏನೋ ಆಫರ್ ಇರಬೇಕು ಅಂದುಕೊಂಡು ಒಟಿಪಿ ಹೊಡೆದೆ. ಬ್ಯಾಂಕು ವಿದೇಶಿ ವ್ಯವಹಾರದ ಶುಲ್ಕ ಕತ್ತರಿಸಿತು, ಖರೀದಿ ಪರಿಶೀಲನೆಯಲ್ಲಿದೆ ಅಂತ ನಾಲ್ಕು ದಿನ ನಿಂತಿತು. ತಪ್ಪು ಪೂರ್ತಿ ನನ್ನದೇ. ಅವತ್ತಿನಿಂದ ದುಡ್ಡು ಕೊಡುವ ಮುಂಚೆ ಬೆಲೆಯ ಅಂಕಿಗಿಂತ ಮೊದಲು ಅದರ ಹಿಂದಿನ ಚಿಹ್ನೆ ನೋಡುತ್ತೇನೆ.

ಪುಕ್ಕಟೆ ವಿಪಿಎನ್ ಹೊಟ್ಟೆಪಾಡು ಹೇಗೆ ನಡೆಯುತ್ತದೆ ಅಂತ ಯೋಚಿಸಿದ್ದೀರಾ? ಹೋಲಾ ಅನ್ನುವ ಸೇವೆಯ ವಿಷಯ 2015ರಲ್ಲಿ ದೊಡ್ಡ ಸುದ್ದಿ ಆಗಿತ್ತು. ಪುಕ್ಕಟೆಯಾಗಿ ಬಳಸುವವರ ಇಂಟರ್ನೆಟ್ ಸಂಪರ್ಕವನ್ನೇ ಅವರು ಲುಮಿನಾಟಿ ಅನ್ನುವ ಹೆಸರಿನಲ್ಲಿ ಬೇರೆಯವರಿಗೆ ಮಾರುತ್ತಿದ್ದರು. ಅಂದರೆ ನಿಮ್ಮ ಮನೆಯ ಐಪಿಯಿಂದ ಬೇರೆ ಯಾರೋ ಏನೋ ಮಾಡುತ್ತಿರುತ್ತಾರೆ. ಆ ಏನೋ ಒಂದು ಗೇಮ್ ಅಂಗಡಿಯಲ್ಲಿ ಪಾಸ್‌ವರ್ಡ್ ಒಡೆಯುವ ಕೆಲಸವಾದರೆ ಕಪ್ಪು ಪಟ್ಟಿಗೆ ಸೇರುವುದು ನಿಮ್ಮ ಮನೆಯ ವಿಳಾಸ.

ಪಿಂಗ್ ಕಡಿಮೆ ಆಗುತ್ತದಾ?

ಪಿಂಗ್ ಅಂದರೆ ಗೇಮ್ ಸರ್ವರ್‌ವರೆಗೆ ಡೇಟಾ ಹೋಗಿ ಬರಲು ಹಿಡಿಯುವ ಸಮಯ. ವಿಪಿಎನ್ ಹಾಕಿದರೆ ಅದು ಸಾಮಾನ್ಯವಾಗಿ ಕಡಿಮೆ ಆಗುವುದಿಲ್ಲ. ಇದರ ಲೆಕ್ಕ ಸುಲಭ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್, ವಿಪಿಎನ್ ಕಂಪನಿಗಳು ಗ್ರಾಹಕರ ಮಾಹಿತಿಯನ್ನು 5 ವರ್ಷ ಇಟ್ಟುಕೊಳ್ಳಬೇಕು ಅಂತ ಆದೇಶ ಕೊಟ್ಟಿತು. ಅದಕ್ಕೆ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಮೂರೂ ಅದೇ ವರ್ಷ ಭಾರತದಲ್ಲಿದ್ದ ತಮ್ಮ ಸರ್ವರುಗಳನ್ನು ತೆಗೆದವು. ಆಮೇಲೆ ಕೆಲವರು "ಭಾರತ" ಅಂತ ಹೆಸರಿಟ್ಟು ಕೊಟ್ಟ ಸರ್ವರ್‌ಗಳು ನಿಜವಾಗಿ ಸಿಂಗಪುರದಲ್ಲೋ ಬ್ರಿಟನ್ನಿನಲ್ಲೋ ಕೂತಿದ್ದವು, ಐಪಿ ಮಾತ್ರ ಭಾರತದ್ದು.

ಬೆಂಗಳೂರಿನಿಂದ ಸಿಂಗಪುರಕ್ಕೆ ಸುಮಾರು 3,200 ಕಿಲೋಮೀಟರ್. ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಹೆಚ್ಚೂಕಮ್ಮಿ ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರಲು 32 ಮಿಲಿಸೆಕೆಂಡ್, ಅದೂ ನೆಟ್ಟಗೆ ಗೆರೆ ಎಳೆದ ಹಾಗೆ ಕೇಬಲ್ ಇದ್ದರೆ. ನೀವು ಕೌಂಟರ್-ಸ್ಟ್ರೈಕ್ ಆಡುವುದು ಮುಂಬೈ ಅಥವಾ ಚೆನ್ನೈ ಸರ್ವರಿನಲ್ಲಿ. ಪಕ್ಕದ ಬೀದಿಗೆ ಹೋಗಲು ಸಮುದ್ರ ದಾಟಿ ಬಂದ ಹಾಗೆ. ನಿಮ್ಮ ಬ್ರಾಡ್‌ಬ್ಯಾಂಡಿನವರು ಡೇಟಾ ಕಳಿಸುವ ದಾರಿ (ರೂಟಿಂಗ್) ತೀರಾ ಕೆಟ್ಟಿದ್ದರೆ ಅಪರೂಪಕ್ಕೆ ವಿಪಿಎನ್ ಒಳ್ಳೆಯ ದಾರಿ ಹಿಡಿಸಬಹುದು. ಅದನ್ನು ಪರೀಕ್ಷಿಸಬೇಕು ಅಂದರೆ ಪರೀಕ್ಷಿಸಿ, ಆದರೆ ಸ್ಟೋರ್ ಪುಟ ತೆರೆಯುವ ಮುಂಚೆ ಆಫ್ ಮಾಡಿ. ಡೌನ್‌ಲೋಡ್ ನಿಧಾನ ಅಂತ ವಿಪಿಎನ್ ಹಾಕುವವರಿಗೆ ಇನ್ನೂ ಸುಲಭದ ದಾರಿ ಇದೆ. ಸ್ಟೀಮ್ ಸೆಟ್ಟಿಂಗ್ಸ್‌ನಲ್ಲಿ ಡೌನ್‌ಲೋಡ್ಸ್ ಒಳಗೆ ಡೌನ್‌ಲೋಡ್ ರೀಜನ್ ಅಂತ ಇದೆ, ಅಲ್ಲಿ ಬೇರೆ ಊರು ಆರಿಸಿ ನೋಡಿ. ಅದಕ್ಕೂ ನಿಮ್ಮ ಸ್ಟೋರ್ ದೇಶಕ್ಕೂ ಸಂಬಂಧ ಇಲ್ಲ, ಎಷ್ಟು ಸಲ ಬದಲಾಯಿಸಿದರೂ ಯಾರೂ ಕೇಳುವುದಿಲ್ಲ.

ವಿಪಿಎನ್ ಬಿಡಲು ಆಗದವರಿಗೆ

ಕೆಲವರಿಗೆ ಸದಾ ಆನ್ ಇಡಲೇಬೇಕು. ಪಿಜಿಯ ವೈಫೈ, ಹಾಸ್ಟೆಲ್ ನೆಟ್, ಕೆಲಸದ ಕಾರಣ. ಅಂಥವರು ತಮ್ಮ ವಿಪಿಎನ್‌ನಲ್ಲಿ ಸ್ಪ್ಲಿಟ್ ಟನಲಿಂಗ್ ಅನ್ನುವ ಆಯ್ಕೆ ಹುಡುಕಿ. ಯಾವ ಪ್ರೋಗ್ರಾಂ ಪೈಪಿನೊಳಗೆ ಹೋಗಬೇಕು, ಯಾವುದು ನೇರವಾಗಿ ಹೋಗಬೇಕು ಅಂತ ಆರಿಸುವ ಜಾಗ ಅದು. ನೇರ ಹೋಗುವ ಪಟ್ಟಿಗೆ ಸ್ಟೀಮ್ ಸೇರಿಸಿ. ಇಲ್ಲಿ ಸಾಮಾನ್ಯವಾಗಿ ಒಂದು ತಪ್ಪು ಆಗುತ್ತದೆ. ವಿಂಡೋಸ್‌ನಲ್ಲಿ ಸ್ಟೀಮ್ ಅಂದರೆ ಒಂದೇ ಪ್ರೋಗ್ರಾಂ ಅಲ್ಲ, ಸ್ಟೋರ್ ಪುಟ ತೋರಿಸುವುದು ಸ್ಟೀಮ್‌ವೆಬ್‌ಹೆಲ್ಪರ್ ಅನ್ನುವ ಇನ್ನೊಂದು. ಒಂದನ್ನು ಸೇರಿಸಿ ಇನ್ನೊಂದನ್ನು ಬಿಟ್ಟರೆ ನಿಮ್ಮ ಲಾಗಿನ್ ಹುಬ್ಬಳ್ಳಿಯಿಂದ, ನಿಮ್ಮ ಖರೀದಿ ಪುಟ ಲಂಡನ್ನಿನಿಂದ. ಯಾರಿಗಾದರೂ ಅನುಮಾನ ಬರುವ ಹಾಗೇ ಇದೆ. ಎರಡನ್ನೂ ಸೇರಿಸಿ. ಬ್ರೌಸರಿನಲ್ಲಿ ಕೊಳ್ಳುವ ಅಭ್ಯಾಸ ಇದ್ದರೆ ಆ ಬ್ರೌಸರ್‌ನಲ್ಲಿ ವಿಪಿಎನ್ ಎಕ್ಸ್‌ಟೆನ್ಷನ್ ಏನಾದರೂ ಕೂತಿದೆಯಾ ನೋಡಿ, ಜಾಹೀರಾತು ತಡೆಯಲು ಹಾಕಿದ ಎಕ್ಸ್‌ಟೆನ್ಷನ್ ಜೊತೆ ಬಂದು ಸೇರಿಕೊಂಡಿರುವುದೂ ಉಂಟು. ರೂಟರಿಗೇ ವಿಪಿಎನ್ ಹಾಕಿಸಿದ ಅಣ್ಣನೋ ಬಾವನೋ ಮನೆಯಲ್ಲಿದ್ದರೆ ಅವರನ್ನು ಒಂದು ಮಾತು ಕೇಳಿ.

ಕೊಳ್ಳುವ ಮುಂಚೆ ನಾನು ಮಾಡುವುದು ಇಷ್ಟೇ. ವಿಪಿಎನ್ ಆಫ್. ಸ್ಟೀಮ್ ಪೂರ್ತಿ ಮುಚ್ಚಿ ಮತ್ತೆ ತೆರೆಯುವುದು, ಮೂಲೆಯ ಎಕ್ಸ್ ಒತ್ತಿದರೆ ಅದು ಮುಚ್ಚುವುದಿಲ್ಲ, ಮೆನುವಿನಿಂದ ಎಕ್ಸಿಟ್ ಕೊಡಬೇಕು. ಬೆಲೆಯ ಹಿಂದೆ ರೂಪಾಯಿ ಚಿಹ್ನೆ ಇದೆಯಾ ನೋಡುವುದು. ದೇಶ ಬದಲಾಯಿಸಿ ಅನ್ನುವ ಸೂಚನೆ ಎಲ್ಲಾದರೂ ಕಂಡರೆ ಅದನ್ನು ಮುಟ್ಟದೆ ಅಲ್ಲೇ ನಿಲ್ಲಿಸಿ, ಏನು ಆನ್ ಇದೆ ಅಂತ ಹುಡುಕುವುದು.

ಫ್ಯಾಮಿಲಿ ಹಂಚಿಕೆಯ ವಿಷಯಕ್ಕೂ ಇದೇ ಅನ್ವಯ. 2024ರಲ್ಲಿ ಬಂದ ಸ್ಟೀಮ್ ಫ್ಯಾಮಿಲೀಸ್ ಒಂದೇ ಮನೆಯಲ್ಲಿ ಇರುವವರಿಗೆ. ಅಮೆರಿಕದಲ್ಲಿರುವ ಅಕ್ಕನ ಮಗನನ್ನು ಸೇರಿಸಲು ಅವನಿಗೆ ವಿಪಿಎನ್ ಹಾಕಿಸುವವರು ಇನ್ನೊಂದನ್ನೂ ನೆನಪಿಡಿ. ನಿಮ್ಮ ಗೇಮ್ ಆಡುತ್ತಾ ಅವನು ಚೀಟ್ ಮಾಡಿ ಸಿಕ್ಕಿಬಿದ್ದರೆ ಆ ಗೇಮಿನಲ್ಲಿ ನಿಮಗೂ ಬ್ಯಾನ್. ಒಂದು ಫ್ಯಾಮಿಲಿ ಗುಂಪು ಬಿಟ್ಟರೂ, ಅದಕ್ಕೆ ಸೇರಿದ ದಿನದಿಂದ ಒಂದು ವರ್ಷ ಆಗುವವರೆಗೆ ಇನ್ನೊಂದು ಸೇರಲು ಆಗುವುದಿಲ್ಲ.

ಈಗಾಗಲೇ ಆಗಿಹೋಗಿದ್ದರೆ

ಗಾಬರಿಯಲ್ಲಿ ಮೂರು ಬೇರೆ ಬೇರೆ ದೇಶದ ಸರ್ವರ್ ಬದಲಾಯಿಸಿ ನೋಡುವುದು, ಅದೇ ಖರೀದಿಯನ್ನು ಮತ್ತೆ ಮತ್ತೆ ಒತ್ತುವುದು ಬೇಡ. ವಿಪಿಎನ್ ತೆಗೆಯಿರಿ, ಮನೆಯ ಸಂಪರ್ಕದಿಂದ ಲಾಗಿನ್ ಆಗಿ, ಏನು ನಿರ್ಬಂಧ ಇದೆ ಅಂತ ಸಂದೇಶವನ್ನು ಪೂರ್ತಿ ಓದಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಬರೀ ಒಂದು ಖರೀದಿ ನಿಂತಿದ್ದರೆ ಸ್ವಲ್ಪ ಹೊತ್ತು ಬಿಟ್ಟು ರೂಪಾಯಿಯಲ್ಲೇ ಪ್ರಯತ್ನಿಸಿ. ತಪ್ಪಾದ ಬೆಲೆಗೆ ಗೇಮ್ ಬಂದುಬಿಟ್ಟಿದ್ದರೆ ಆಡದೆ ರಿಫಂಡ್ ಕೇಳಿ. ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ, ಇದು ಸ್ಟೀಮ್‌ನ ಸಾಮಾನ್ಯ ನಿಯಮ.

ಅಕೌಂಟೇ ಲಾಕ್ ಆಗಿದ್ದರೆ ಸಪೋರ್ಟ್ ಟಿಕೆಟ್ ಹಾಕಿ. ಒಂದೇ ಟಿಕೆಟ್. ನಾಲ್ಕು ಹಾಕಿದರೆ ಬೇಗ ಬರುವುದಿಲ್ಲ. ಅಕೌಂಟ್ ನನ್ನದೇ ಅನ್ನುವುದಕ್ಕೆ ಮೊದಲ ಇಮೇಲ್, ಫೋನ್ ನಂಬರ್, ಹಳೆಯ ಖರೀದಿಯ ಪಾವತಿ ವಿವರ, ಅಂಗಡಿಯಲ್ಲಿ ಗೇಮಿನ ಡಬ್ಬಿ ಕೊಂಡಿದ್ದರೆ ಅದರ ಕೀ, ಇವು ಕೆಲಸಕ್ಕೆ ಬರುತ್ತವೆ. ನಡೆದದ್ದನ್ನು ನಡೆದ ಹಾಗೆ ಬರೆಯಿರಿ. "ವಿಪಿಎನ್ ಆನ್ ಇತ್ತು, ಮರೆತಿದ್ದೆ, ಈಗ ತೆಗೆದಿದ್ದೇನೆ, ನಾನು ಇರುವುದು ಭಾರತದಲ್ಲಿ." ನನ್ನ ಅಕೌಂಟ್ ಯಾರೋ ಹ್ಯಾಕ್ ಮಾಡಿ ಅರ್ಜೆಂಟೀನಾದಲ್ಲಿ ಗೇಮ್ ಕೊಂಡರು ಅಂತ ಕಥೆ ಕಟ್ಟಿದರೆ ಅವರ ಹತ್ತಿರ ಲಾಗ್ ಇದೆ, ನಿಮ್ಮ ಹತ್ತಿರ ಬರೀ ಕಥೆ ಇದೆ.

ಸಿಟ್ಟಿನಲ್ಲಿ ಬ್ಯಾಂಕಿಗೆ ಫೋನ್ ಮಾಡಿ ಈ ವ್ಯವಹಾರ ನಾನು ಮಾಡಿಲ್ಲ ಅನ್ನಬೇಡಿ. ಚಾರ್ಜ್‌ಬ್ಯಾಕ್, ಅಂದರೆ ಬ್ಯಾಂಕು ಆ ದುಡ್ಡನ್ನು ವಾಪಸ್ ಎಳೆದುಕೊಳ್ಳುವುದು, ಬಂದರೆ ಆ ಲೆಕ್ಕ ತೀರುವವರೆಗೆ ಅಕೌಂಟಿಗೆ ಬೀಗ ಬೀಳುತ್ತದೆ, ಮೊದಲಿದ್ದ ಸಣ್ಣ ಗಾಯ ಹುಣ್ಣಾಗುತ್ತದೆ.

ನಿಜವಾಗಿಯೂ ದೇಶ ಬಿಟ್ಟು ಹೋಗುವವರು

ಓದಲು ಜರ್ಮನಿಗೆ, ಕೆಲಸಕ್ಕೆ ದುಬೈಗೆ ಹೋಗುವ ನಮ್ಮವರು ಮಾಡುವುದು ಇದರ ತಿರುಗು ಮುರುಗು. ಅಲ್ಲಿ ಕೂತು ರೂಪಾಯಿ ಬೆಲೆ ಉಳಿಸಿಕೊಳ್ಳಲು ಭಾರತದ ವಿಪಿಎನ್ ಹಾಕುತ್ತಾರೆ. ಪಾಸ್‌ಪೋರ್ಟ್ ನಮ್ಮದು, ಬ್ಯಾಂಕ್ ನಮ್ಮದು, ಇದರಲ್ಲಿ ತಪ್ಪೇನು ಅಂತ. ನಿಯಮ ಕೇಳುವುದು ಪೌರತ್ವವನ್ನಲ್ಲ, ವಾಸವನ್ನು. ಎರಡು ವರ್ಷದ ಎಂಎಸ್ ಮಾಡಲು ಹೋದವನ ವಾಸ ಅಲ್ಲಿನದೇ.

ಸರಿಯಾದ ದಾರಿ ಕಷ್ಟದ್ದಲ್ಲ. ಅಲ್ಲಿ ಬ್ಯಾಂಕ್ ಖಾತೆ, ಕಾರ್ಡ್ ಆಗುವವರೆಗೆ ಸುಮ್ಮನಿರಿ. ಆಮೇಲೆ ವಿಪಿಎನ್ ಇಲ್ಲದೆ ಲಾಗಿನ್ ಆಗಿ, ಅಕೌಂಟ್ ವಿವರದ ಪುಟಕ್ಕೆ ಹೋದರೆ ಸ್ಟೋರ್ ದೇಶ ಬದಲಾಯಿಸುವ ಆಯ್ಕೆ ಕಾಣುತ್ತದೆ, ನೀವು ಬೇರೆ ದೇಶದಿಂದ ಬಂದಿದ್ದೀರಿ ಅಂತ ಸ್ಟೀಮ್‌ಗೆ ಗೊತ್ತಾದಾಗ ಮಾತ್ರ ಅದು ಕಾಣುವುದು. ಹೊಸ ಕಾರ್ಡಿನಿಂದ ಒಂದು ಖರೀದಿ ಮಾಡಿದರೆ ದೇಶ ಬದಲಾಗುತ್ತದೆ, ವಾಲೆಟ್‌ನಲ್ಲಿದ್ದ ರೂಪಾಯಿ ಅವತ್ತಿನ ದರದಲ್ಲಿ ಹೊಸ ಕರೆನ್ಸಿಗೆ ತಿರುಗುತ್ತದೆ. 500 ರೂಪಾಯಿ ಯೂರೋ ಆದಾಗ ಎಷ್ಟು ಸಣ್ಣದಾಗಿ ಕಾಣುತ್ತದೆ ಅಂತ ನೋಡಿ ಬೇಜಾರಾಗಬೇಡಿ. ನಾನಾದರೆ ವಿಮಾನ ಹತ್ತುವ ಮುಂಚೆಯೇ ವಾಲೆಟ್ ಖಾಲಿ ಮಾಡಿಬಿಡುತ್ತೇನೆ, ವಿಶ್‌ಲಿಸ್ಟ್‌ನಲ್ಲಿ ಇದ್ದದ್ದನ್ನು ರೂಪಾಯಿ ಬೆಲೆಗೇ, ಊರಿನ ನೆಟ್‌ನಲ್ಲೇ ಕೊಂಡು.

ಜರ್ಮನಿಗೆ ಹೋಗುವವರಿಗೆ ಇನ್ನೂ ಒಂದು. 2024ರ ನವೆಂಬರ್ 15ರಿಂದ ವಯಸ್ಸಿನ ರೇಟಿಂಗ್ ಇಲ್ಲದ ಗೇಮ್‌ಗಳನ್ನು ಸ್ಟೀಮ್ ಅಲ್ಲಿನ ಗ್ರಾಹಕರಿಗೆ ತೋರಿಸುವುದೇ ಇಲ್ಲ. ನೀವು ಹುಡುಕುತ್ತಿದ್ದ ಸಣ್ಣ ಇಂಡಿ ಗೇಮ್ ಕಾಣದಿದ್ದರೆ ಅಕೌಂಟ್ ಕೆಟ್ಟಿದೆ ಅಂದುಕೊಂಡು ವಿಪಿಎನ್ ಹಾಕಲು ಹೋಗಬೇಡಿ, ಅಲ್ಲಿನ ಕಾನೂನಿನ ಕಾರಣಕ್ಕೆ ಅದು ಮರೆಯಾಗಿರಬಹುದು. ಪ್ಲೇಸ್ಟೇಷನ್ ಇಟ್ಟುಕೊಂಡವರಿಗೆ ಈ ಬದಲಾವಣೆಯ ಅವಕಾಶವೇ ಇಲ್ಲ, ಅಕೌಂಟ್ ತೆರೆದಾಗ ಆರಿಸಿದ ದೇಶವೇ ಕೊನೆಯವರೆಗೆ.

ವರ್ಷಕ್ಕೊಮ್ಮೆ ದಸರಾಕ್ಕೋ ತಂಗಿ ಮದುವೆಗೋ ಊರಿಗೆ ಬಂದಾಗ ಸ್ಟೋರ್ ದೇಶ ಬದಲಾಯಿಸಲು ಹೋಗಬೇಡಿ. ಒಮ್ಮೆ ಒತ್ತಿದರೆ ಮತ್ತೆ ಮೂರು ತಿಂಗಳು ಹಾಗೇ ಇರುತ್ತದೆ, ನಿಮ್ಮ ರಜೆ ಇರುವುದು ಮೂರು ವಾರ.